ನಾಯಿಗೆ ಲಾಟರಿ ಬೇಡ

ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್ ಸಾರ್ವಜನಿಕ ಗಾಲ್ಫ್ ಮೈದಾನ. ಆ ಊರಿನಲ್ಲಿ ಯಾರನ್ನು ಕೇಳಿದರೂ ಎದೆಯುಬ್ಬಿಸಿ ಇದನ್ನೇ ಹೇಳುತ್ತಾರೆ. ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಪುಟ್ಟ ಊರು; ಪಾಳುಬಿದ್ದ ಕ್ಯಾಥೆಡ್ರಲ್, 1413ರ ವಿಶ್ವವಿದ್ಯಾಲಯ, ಏಳು ಸಾರ್ವಜನಿಕ ಗಾಲ್ಫ್ ಮೈದಾನ. ಅವುಗಳಲ್ಲಿ ಈ ಓಲ್ಡ್ ಕೋರ್ಸ್ ಯಾರಪ್ಪನ ಆಸ್ತಿಯೂ ಅಲ್ಲ, ಎಲ್ಲರದು. ಎಲ್ಲರದು ಆದ್ದರಿಂದಲೇ ನಿಮಗೆ ಸಿಗುವುದಿಲ್ಲ.

ಕ್ರಮವೇನೋ ಸರಳ. ಆಡುವುದಕ್ಕೆ ಎರಡು ದಿನ ಮುಂಚೆ, ಮಧ್ಯಾಹ್ನ 2 ಗಂಟೆಯೊಳಗೆ ಲಾಟರಿಗೆ ಹೆಸರು ಕೊಡಬೇಕು. ಅಲ್ಲಿ ಅದಕ್ಕೆ ‘ಬ್ಯಾಲಟ್’ ಎನ್ನುತ್ತಾರೆ. ಲಾಟರಿ ಎಂದರೆ ಮರ್ಯಾದೆ ಕಡಿಮೆಯಾದೀತಲ್ಲ. ಕನಿಷ್ಠ ಇಬ್ಬರು ಜೊತೆಗಿರಬೇಕು. ಒಂಟಿಯಾಗಿ ಬಂದವರು ಮುಂಚೆಲ್ಲ ಉತ್ತರ ಸಮುದ್ರದ ಗಾಳಿಗೆ ನಡುಗುತ್ತ ರಾತ್ರಿಯಿಡೀ ಬಾಗಿಲಲ್ಲಿ ಸಾಲು ಹಚ್ಚುತ್ತಿದ್ದರು. 2024ರಲ್ಲಿ ಅವರ ಕಷ್ಟ ನೋಡಲಾರದೆ ವ್ಯವಸ್ಥೆಯನ್ನು ಡಿಜಿಟಲ್ ಮಾಡಿದರು. ಆ ಡಿಜಿಟಲ್ ಚೀಟಿಗೆ ಹೆಸರು ಬರೆಸಲು ಹಿಂದಿನ ದಿನ ಖುದ್ದಾಗಿ ಹಾಜರಾಗಬೇಕು, ಅಷ್ಟೇ. ಅದೃಷ್ಟ ಒಲಿಯಿತೋ, ನಿಮಗೆ ಆಟ ಬರುತ್ತದೆ ಎಂಬುದಕ್ಕೆ ಹ್ಯಾಂಡಿಕ್ಯಾಪ್ ದಾಖಲೆ ತೋರಿಸಿ, ಬೇಸಿಗೆಯಾದರೆ 300 ಪೌಂಡಿಗೂ ಮೇಲೆ ತೆತ್ತು ಸಾರ್ವಜನಿಕರಾಗಬಹುದು.

ನಾನೂ ನನ್ನ ಭಾವಮೈದುನನೂ ನಾಲ್ಕು ದಿನ ಹೆಸರು ಕೊಟ್ಟೆವು. ನಾಲ್ಕು ದಿನವೂ ಇಲ್ಲ. “ನಿಮ್ಮ ಹೆಸರು ಮೊದಲು ಬರೆಸಿದ್ದೇ ತಪ್ಪಾಯ್ತು ಭಾವ” ಎಂದ. ಐದನೆಯ ದಿನ ಅವನ ಹೆಸರು ಮೊದಲು ಬರೆಸಿದೆವು. ಮಾತು ನಿಂತಿತು.

ಪಕ್ಕದಲ್ಲೇ ನ್ಯೂ ಕೋರ್ಸ್ ಇದೆಯಲ್ಲ, ಅಲ್ಲಿ ಆಡಿ ಎಂದರು ಯಾರೋ. ಅದು ಶುರುವಾದದ್ದು 1895ರಲ್ಲಿ. ಈ ಊರಲ್ಲಿ 130 ವರ್ಷದ ಮುದುಕ ಇನ್ನೂ ಹೊಸಬ.

ಹಾಗಂತ ಈ ಮೈದಾನ ಎಂದಾದರೂ ಗಾಲ್ಫ್ ಆಡುವವರ ಕೈಯಲ್ಲಿ ನೆಟ್ಟಗೆ ಇತ್ತೇ? 1457ರಲ್ಲಿ ಸ್ಕಾಟ್ಲೆಂಡಿನ ಸಂಸತ್ತು, ಜನ ಬಿಲ್ಲುವಿದ್ಯೆ ಮರೆತು ಚೆಂಡು ಬಡಿಯುತ್ತ ಕೂತಿದ್ದಾರೆಂದು ಗಾಲ್ಫನ್ನೇ ನಿಷೇಧಿಸಿತು. 1552ರಲ್ಲಿ ಆರ್ಚ್‌ಬಿಷಪ್ ಹ್ಯಾಮಿಲ್ಟನ್ ಊರವರ ಆಟದ ಹಕ್ಕನ್ನು ಕಾಗದದಲ್ಲಿ ಒಪ್ಪಿಕೊಂಡ. ಎಂಥ ಪುಣ್ಯಾತ್ಮ ಎಂದುಕೊಳ್ಳಬೇಡಿ, ಅದೇ ಕಾಗದದಲ್ಲಿ ತನಗೆ ಅಲ್ಲಿ ಮೊಲ ಸಾಕುವ ಅನುಮತಿಯನ್ನೂ ಪಡೆದುಕೊಂಡಿದ್ದ. ಜಗತ್ತಿನ ಗಾಲ್ಫಿಗರು ಕಣ್ಣಿಗೊತ್ತಿಕೊಳ್ಳುವ ಹಕ್ಕುಪತ್ರ ಅರ್ಧ ಮೊಲಗಳದ್ದು. 1797ರಲ್ಲಿ ಪುರಸಭೆ ದಿವಾಳಿಯಾಗಿ ಈ ನೆಲವನ್ನು ಕೈಬಿಟ್ಟಿತು. ಅದು ಮೊಲದ ವ್ಯಾಪಾರಿಗಳ ಪಾಲಾಯಿತು. ಹಸಿರು ನುಣ್ಣಗಿದ್ದಲ್ಲೆಲ್ಲ ಬಿಲ. ಚೆಂಡು ಹಾಕಲು ಹದಿನೆಂಟೇ ಕುಳಿ ಸಾಕು ಎಂದು 1764ರಲ್ಲಿ ಊರಿನ ಗಾಲ್ಫ್ ಸಂಘದವರು ತೀರ್ಮಾನಿಸಿದ್ದರು. ಮೊಲಗಳಿಗೆ ಯಾರೂ ಹೇಳಿರಲಿಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಜಗಳ, ಕೋರ್ಟು, ಕಚೇರಿ. ಕೊನೆಗೆ 1821ರಲ್ಲಿ ಜೇಮ್ಸ್ ಚೀಪ್ ಎಂಬ ಗಾಲ್ಫ್ ಹುಚ್ಚಿನ ಜಮೀನುದಾರ ನೆಲವನ್ನು ಕೊಂಡುಕೊಂಡ ಮೇಲೆ ಮೊಲಗಳ ಆಳ್ವಿಕೆ ಮುಗಿಯಿತು.

ಊರವರು 1946ರವರೆಗೂ ಇಲ್ಲಿ ಬಿಟ್ಟಿಯಾಗಿ ಆಡುತ್ತಿದ್ದರು. ಈಗ ಬಿಟ್ಟಿ ಇರುವುದು ಭಾನುವಾರ. ದೊಡ್ಡ ಪಂದ್ಯಗಳ ಹೊತ್ತು ಬಿಟ್ಟರೆ ಭಾನುವಾರ ಓಲ್ಡ್ ಕೋರ್ಸಿನಲ್ಲಿ ಗಾಲ್ಫ್ ಇಲ್ಲ. ನೆಲಕ್ಕೆ ವಿಶ್ರಾಂತಿ, ಮಿಕ್ಕವರಿಗೆಲ್ಲ ಪಾರ್ಕು. ಚೀಟಿ ಇಲ್ಲ, ದಾಖಲೆ ಇಲ್ಲ, ಪೌಂಡಿಲ್ಲ. ಒಂದೇ ಷರತ್ತು: ನೀವು ಆಡಲು ಬಂದಿರಬಾರದು.

ಹೋದೆವು. ಸ್ವಿಲ್ಕನ್ ತೊರೆಯ ಕಲ್ಲುಸೇತುವೆ ಹತ್ತಿ ಫೋಟೋ ತೆಗೆಸಿಕೊಂಡೆವು. ಕುರುಬರು ದನಕುರಿ ದಾಟಿಸಲು ಕಟ್ಟಿಕೊಂಡ ಸೇತುವೆಯಂತೆ. ಈಗ ದಾಟುವವರು ಕಡಿಮೆ, ಮೇಲೆ ನಿಂತು ಕೈಬೀಸುವವರೇ ಹೆಚ್ಚು. ಅಷ್ಟು ಜನ ನಿಂತರೆ ಹುಲ್ಲು ಉಳಿದೀತೇ? 2023ರ ಫೆಬ್ರವರಿಯಲ್ಲಿ ಸೇತುವೆಯ ಬುಡಕ್ಕೆ ದುಂಡಗೆ ಕಲ್ಲು ಹಾಸಿದರು. ಕಾಫಿ ಕುಡಿಯುವ ಅಂಗಳದಂತಿದೆ ಎಂದು ಲೋಕವೆಲ್ಲ ಬಾಯಿ ಬಡಿದುಕೊಂಡಿತು. ಕೆಲವೇ ದಿನಗಳಲ್ಲಿ ಕಿತ್ತುಹಾಕಿದರು. ಆಡಲು ಜಾಗ ಸಿಗದವರ ಕೂಗು ಇಷ್ಟು ಬೇಗ ಯಾರಿಗೂ ಕೇಳಿಸಿದ್ದಿಲ್ಲ.

ಹದಿನೆಂಟನೆಯ ಗ್ರೀನ್, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲು, ಅದರ ಮುಂದೆ ‘ಪಾಪದ ಕಣಿವೆ’ ಎಂಬ ತಗ್ಗಿದೆ. 1995ರ ದೊಡ್ಡ ಗಾಲ್ಫ್ ಪಂದ್ಯ ಓಪನ್‌ನಲ್ಲಿ ಇಟಲಿಯ ಆಟಗಾರ ಕೊಸ್ಟಾಂಟಿನೊ ರೊಕ್ಕಾನ ಚೆಂಡು ಅಲ್ಲಿಗೇ ಉರುಳಿಬಿದ್ದು, ಅಲ್ಲಿಂದಲೇ ಪವಾಡದಂತೆ ಕುಳಿ ಸೇರಿತ್ತು. ನಾವು ನೋಡುತ್ತಿದ್ದಂತೆ ಒಂದು ಕಂದು ನಾಯಿಯ ಟೆನಿಸ್ ಚೆಂಡು ಅದೇ ತಗ್ಗಿಗೆ ಬಿತ್ತು. ನಾಯಿ ಇಳಿಯಿತು, ಕಚ್ಚಿಕೊಂಡಿತು, ಎರಡೇ ನೆಗೆತಕ್ಕೆ ಮೇಲೆ ಬಂತು. ಹಿಂದಿನಿಂದ ಒಂದು ಕೈಯಲ್ಲಿ ಕಾಫಿ ಹಿಡಿದು ಯಜಮಾನ ಬಂದ.

“ಚೀಟಿ ಸಿಕ್ಕಿತೇ?” ಎಂದು ಕೇಳಿದ. ನಮ್ಮ ಮುಖದಲ್ಲೇ ಬರೆದಿತ್ತೇನೋ.

ಇಲ್ಲ ಎಂದೆವು. ನೀವು ಇಲ್ಲಿ ಎಷ್ಟು ಸಲ ಆಡಿದ್ದೀರಿ ಎಂದು ಕೇಳಿದೆ.

“ನಾನು ಗಾಲ್ಫ್ ಆಡೋದಿಲ್ಲ” ಎಂದು ನಾಯಿಗೆ ಸಿಳ್ಳೆ ಹಾಕಿದ.