ಕುಗ್ಗುವ ಟೇಪು, ಹಿಗ್ಗುವ ತಾಮ್ರ

ಸರ್ಕಾರದ ಅಳತೆಯ ಟೇಪು ಎಲ್ಲರಿಗೂ ಒಂದೇ ಲೆಕ್ಕ ತೋರಿಸುತ್ತದೆ ಎಂದು ನಂಬಿರುವ ಮುಗ್ಧರು ತಮಿಳುನಾಡಿನ ತೂತುಕುಡಿಯ ಕಡತಗಳನ್ನು ಒಮ್ಮೆ ಓದಬೇಕು. ಅಲ್ಲಿನ ಸ್ಟರ್ಲೈಟ್ ತಾಮ್ರದ ಕಾರ್ಖಾನೆಗೆ 1994ರ ಆಗಸ್ಟ್‌ನಲ್ಲಿ ನಿರಾಕ್ಷೇಪಣಾ ಪತ್ರ ಕೊಟ್ಟ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು, ಪರಿಸರ ಸೂಕ್ಷ್ಮ ಪ್ರದೇಶದಿಂದ ಕಾರ್ಖಾನೆಯು 25 ಕಿಲೋಮೀಟರ್ ದೂರವಿರಬೇಕೆಂದು ಷರತ್ತು ವಿಧಿಸಿತ್ತು. ಕಾರ್ಖಾನೆ ಎದ್ದು ನಿಂತು, ಹೊಗೆಯಾಡಲು ಆರಂಭಿಸಿದ ಮೇಲೆ, 1998ರಲ್ಲಿ ತಜ್ಞರು ಹೋಗಿ ನೋಡಿದಾಗ, ಹವಳದ ದಿಬ್ಬಗಳಿರುವ ಮನ್ನಾರ್ ಕೊಲ್ಲಿಯು ಕೇವಲ 14 ಕಿಲೋಮೀಟರ್ ದೂರದಲ್ಲಿರುವುದು ಗೊತ್ತಾಯಿತು. ತಪ್ಪು ಕೊಲ್ಲಿಯದೇ ಇರಬೇಕು. ಕಾರ್ಖಾನೆ ಬರುತ್ತದೆಂದು ತಿಳಿದ ಮೇಲೂ ಅದು 11 ಕಿಲೋಮೀಟರ್ ಹಿಂದೆ ಸರಿಯಲಿಲ್ಲ.

ಸುತ್ತಲೂ 250 ಮೀಟರ್ ಅಗಲದ ಹಸಿರು ಪಟ್ಟಿ ಬೆಳೆಸಬೇಕೆಂಬುದು ಇನ್ನೊಂದು ಷರತ್ತು. ಅಷ್ಟು ಜಾಗ ಬಿಡುವುದು ಕಷ್ಟವೆಂದು ಕಂಪನಿ ಅಲವತ್ತುಕೊಂಡಿತು, ಮಂಡಳಿಯ ಮನಸ್ಸು ಕರಗಿತು, ಪಟ್ಟಿ 25 ಮೀಟರಿಗೆ ಇಳಿಯಿತು. ಸೊನ್ನೆಗೆ ಬೆಲೆಯಿಲ್ಲವೆಂದು ಶಾಲೆಯಲ್ಲಿ ಕಲಿತ ಪಾಠವನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದ ಇಲಾಖೆ ಬೇರೊಂದಿರಲಾರದು. ಆತುರದ ವಿಷಯಕ್ಕೆ ಬಂದರೆ, ಮುಖ್ಯಮಂತ್ರಿ ಜಯಲಲಿತಾ ಅಡಿಗಲ್ಲು ಹಾಕಿದ್ದು 1994ರ ಅಕ್ಟೋಬರ್ 30ರಂದು. ಕೇಂದ್ರ ಸರ್ಕಾರದ ಪರಿಸರ ಅನುಮತಿ ಬಂದದ್ದು 1995ರ ಜನವರಿಯಲ್ಲಿ. ನಾಮಕರಣ ಮುಗಿದ ಮೇಲೆ ನಿಶ್ಚಿತಾರ್ಥ.

ಅಸಲಿಗೆ ಈ ಕಾರ್ಖಾನೆ ಮಹಾರಾಷ್ಟ್ರದ ರತ್ನಾಗಿರಿಯ ಪಾಲಿಗೆ ಬರಬೇಕಿತ್ತು. ಹೊಗೆ ತಾಗಿದರೆ ಆಪೂಸು ಮಾವಿನ ತೋಪುಗಳು ಉಳಿಯುವುದಿಲ್ಲವೆಂದು ಅಲ್ಲಿನ ಬೆಳೆಗಾರರು ಎದ್ದು ನಿಂತರು. 1993ರಲ್ಲಿ ಕಾಮಗಾರಿ ನಿಂತಿತು. ಮಾವಿನ ಹೂವಿಗೆ ಆಗದ ಹೊಗೆ ತೂತುಕುಡಿಯ ಮೀನುಗಾರರಿಗೂ ಉಪ್ಪಿನ ಗದ್ದೆಯ ಕೂಲಿಗಳಿಗೂ ಆಗಿಬರುತ್ತದೆ ಎಂಬ ತೀರ್ಮಾನಕ್ಕೆ ಯಾವ ವೈದ್ಯಕೀಯ ಆಧಾರವಿತ್ತೋ ಕಾಣೆ. ಬಹುಶಃ ಮೀನುಗಾರರನ್ನು ಪೆಟ್ಟಿಗೆಯಲ್ಲಿ ಜೋಡಿಸಿ ರಫ್ತು ಮಾಡುವ ಪದ್ಧತಿಯಿಲ್ಲ ಎಂಬುದೇ ಆಧಾರವಿರಬೇಕು.

ತಾಮ್ರದ ಅದಿರಿನಲ್ಲಿ ಗಂಧಕವಿರುತ್ತದೆ. ಕುಲುಮೆಯಲ್ಲಿ ಕಾಯಿಸಿದಾಗ ಅದು ಸಲ್ಫರ್ ಡೈಆಕ್ಸೈಡ್ ಅನಿಲವಾಗಿ ಹೊರಬೀಳುತ್ತದೆ. ಅದನ್ನು ಹಿಡಿದು ಸಲ್ಫ್ಯೂರಿಕ್ ಆಮ್ಲವಾಗಿಸಿ ಮಾರುತ್ತಾರೆ, ಹಿಡಿಯಲಾಗದ್ದನ್ನು ಅಕ್ಕಪಕ್ಕದ ಊರಿನವರಿಗೆ ಉಚಿತವಾಗಿ ಹಂಚುತ್ತಾರೆ. 2013ರ ಮಾರ್ಚ್ 23ರ ಬೆಳಿಗ್ಗೆ ಇಂಥದೊಂದು ಹಂಚಿಕೆ ನಡೆಯಿತೆಂದು ಊರಿನವರ ದೂರು: ಕಣ್ಣುರಿ, ಗಂಟಲು ಕಟ್ಟುವಿಕೆ, ಕೆಮ್ಮು. ಕಾರ್ಖಾನೆಯ ಚಿಮಣಿಗೆ ಅಳವಡಿಸಿದ ಮಾಪಕವೂ ಆ ಹೊತ್ತಿಗೆ ಮಿತಿಗಿಂತ ಬಹಳ ಮೇಲಿನ ಅಂಕಿಯನ್ನೇ ತೋರಿಸಿತ್ತು. ಕಂಪನಿಯ ಸಮಜಾಯಿಷಿ ಸರಳವಾಗಿತ್ತು: ಅದು ಅನಿಲವಲ್ಲ, ಆ ಹೊತ್ತಿನಲ್ಲಿ ಮಾಪಕದ ಕ್ಯಾಲಿಬ್ರೇಶನ್, ಅಂದರೆ ಅಳತೆ ಸರಿಹೊಂದಿಸುವ ಕೆಲಸ, ನಡೆಯುತ್ತಿತ್ತು. ಇಡೀ ಊರಿನ ಗಂಟಲುಗಳೂ ಅದೇ ಮುಹೂರ್ತದಲ್ಲಿ ಕ್ಯಾಲಿಬ್ರೇಶನ್‌ಗೆ ಒಳಪಟ್ಟದ್ದು ಕಾಕತಾಳೀಯ. ಮಂಡಳಿಯು ಮಾರ್ಚ್ ಮುಗಿಯುವುದರೊಳಗೆ ಕಾರ್ಖಾನೆಯನ್ನು ಮುಚ್ಚಿಸಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಮೇ ತಿಂಗಳ ಕೊನೆಯಲ್ಲಿ ತೆರೆಯಿಸಿತು.

ಈ ನಡುವೆ, ಅನಿಲದ ದೂರಿಗೆ ಹತ್ತು ದಿನ ತುಂಬಿದ ಏಪ್ರಿಲ್ 2ರಂದು, ಬೇರೊಂದು ಹಳೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪೂ ಬಂದಿತ್ತು. ಕಾರ್ಖಾನೆಯು ವರ್ಷಗಟ್ಟಲೆ ಮಾಲಿನ್ಯ ಮಾಡಿದ್ದು ನಿಜ, ಅದಕ್ಕೆ 100 ಕೋಟಿ ರೂಪಾಯಿ ಪರಿಹಾರ ತೆರಬೇಕು. ಆದರೆ ದೇಶಕ್ಕೆ ತಾಮ್ರ ಬೇಕು, ಜನರಿಗೆ ಉದ್ಯೋಗ ಬೇಕು, ಆದ್ದರಿಂದ ಮುಚ್ಚುವ ಅಗತ್ಯವಿಲ್ಲ. ತಾಮ್ರ ಬೇಕೆಂಬುದರಲ್ಲಿ ನನಗೂ ತಕರಾರಿಲ್ಲ, ಈ ಲೇಖನ ಬರೆಯುತ್ತಿರುವ ಕಂಪ್ಯೂಟರಿನೊಳಗೂ ಅದು ಇದೆ. ಆದರೆ ದೇಶದ ಅಗತ್ಯವನ್ನು ಇಡೀ ದೇಶ ಬಳಸಿಕೊಂಡು, ಅದರ ಕೆಮ್ಮನ್ನು ಮಾತ್ರ ಒಂದು ತಾಲ್ಲೂಕಿಗೆ ವಹಿಸಿಕೊಡುವ ಈ ವಿಕೇಂದ್ರೀಕರಣ ಯಾವ ಪಂಚಾಯತ್ ಕಾಯಿದೆಯಲ್ಲಿದೆಯೋ ತಿಳಿಯದು.

ಟೇಪು ಹಿಗ್ಗುವ ಕಡೆಯೂ ಒಂದಿದೆ, ಅದು ಉತ್ಪಾದನೆಯ ಕಡೆ. ವರ್ಷಕ್ಕೆ ನಾಲ್ಕು ಲಕ್ಷ ಟನ್ನಿನ ಕಾರ್ಖಾನೆಯನ್ನು ಎಂಟು ಲಕ್ಷ ಟನ್ನಿಗೆ ಏರಿಸಲು ಸಿದ್ಧತೆ ನಡೆದಾಗ, 2018ರ ಫೆಬ್ರುವರಿಯಲ್ಲಿ ಪಕ್ಕದ ಎ. ಕುಮಾರರೆಡ್ಡಿಯಾಪುರಂ ಹಳ್ಳಿಯವರು ಮರದಡಿ ಧರಣಿ ಕುಳಿತರು. ಇಂಥ ವಿಸ್ತರಣೆಗೆ ಮುಂಚೆ ಜನರನ್ನು ಕರೆದು ಅಹವಾಲು ಕೇಳುವ ಏರ್ಪಾಡು ಕಾನೂನಿನಲ್ಲಿದೆ, ತಪ್ಪಿಸಿಕೊಳ್ಳುವ ದಾರಿಗಳೂ ಕಾನೂನಿನಲ್ಲಿಯೇ ಇವೆ. ಕರೆಯುವವರು ಕರೆಯದಿದ್ದಾಗ, ನೂರನೆಯ ದಿನವಾದ ಮೇ 22ರಂದು, ಜನರೇ ಸಾವಿರಾರು ಸಂಖ್ಯೆಯಲ್ಲಿ ಜಿಲ್ಲಾಧಿಕಾರಿ ಕಚೇರಿಯ ಕಡೆಗೆ ನಡೆದರು. ಪೊಲೀಸರ ಗುಂಡಿಗೆ ಒಟ್ಟು ಹದಿಮೂರು ಮಂದಿ ಸತ್ತರು. ಮರುದಿನ ಹೈಕೋರ್ಟಿನ ಮದುರೈ ಪೀಠವು ವಿಸ್ತರಣೆಗೆ ತಡೆ ನೀಡಿ, ಮೊದಲು ಜನರ ಅಹವಾಲು ಕೇಳಿ ಎಂದಿತು. ಕೇಳಲು ಹೋದವರಿಗೆ ಒಂದು ದಿನದ ತಾಳ್ಮೆ ಇರಬೇಕಿತ್ತು ಎಂದು ಯಾರೂ ಹೇಳಲಿಲ್ಲ ಎಂಬುದೇ ಸಮಾಧಾನ.

ಹೇಳಿದವರು ಬೇರೆ ಹೇಳಿದರು. ನಮ್ಮ ಬೆಂಗಳೂರಿನಲ್ಲಿ ಟಿಕೆಟು ಹರಿದುಕೊಟ್ಟು ತಮಿಳುನಾಡಿನಲ್ಲಿ ದೇವರಾದ ರಜನೀಕಾಂತ್ ಮೇ 30ರಂದು ಗಾಯಾಳುಗಳನ್ನು ನೋಡಲು ಹೋದಾಗ, ಹಾಸಿಗೆಯ ಮೇಲಿದ್ದ ಯುವಕನೊಬ್ಬ ‘ನೀವು ಯಾರು?’ ಎಂದು ಕೇಳಿದ. ‘ನಾನಪ್ಪಾ, ರಜನೀಕಾಂತ್’ ಎಂದು ನಕ್ಕು ಮುಂದೆ ಹೋದ ಅವರು, ಗಲಭೆಗೆ ಸಮಾಜಘಾತುಕರು ಕಾರಣವೆಂದೂ, ಎಲ್ಲದಕ್ಕೂ ಹೋರಾಟವೆಂದು ಹೊರಟರೆ ತಮಿಳುನಾಡು ಸ್ಮಶಾನವಾಗುತ್ತದೆಂದೂ ಪತ್ರಕರ್ತರ ಮುಂದೆ ಕಳವಳಪಟ್ಟರು. ಹದಿಮೂರು ಮನೆಗಳವರು ಸ್ಮಶಾನಕ್ಕೆ ಹೋಗಬೇಕಾಗಿ ಬಂದದ್ದು ಹೋರಾಟದಿಂದಲೋ ಗುಂಡಿನಿಂದಲೋ ಎಂಬ ಸೂಕ್ಷ್ಮಕ್ಕೆ ಅವರು ಇಳಿಯಲಿಲ್ಲ.

ಎರಡು ದಶಕ ಹುಡುಕಿದರೂ ರಾಜ್ಯ ಸರ್ಕಾರಕ್ಕೆ ಸಿಗದಿದ್ದ ಶಾಶ್ವತ ಮುಚ್ಚುವಿಕೆಯ ಕಾರಣ, ಗುಂಡು ಹಾರಿದ ಆರೇ ದಿನಗಳಲ್ಲಿ, ಮೇ 28ರಂದು, ಒಂದು ಚಿಕ್ಕ ಆದೇಶದಲ್ಲಿ ಸಿಕ್ಕಿಬಿಟ್ಟಿತು. ನ್ಯಾಯಮಂಡಳಿಯು ಮತ್ತೆ ತೆರೆಯಲು ಹೇಳಿದ್ದು, ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿದ್ದು, 2020ರಲ್ಲಿ ಮದ್ರಾಸ್ ಹೈಕೋರ್ಟು ಮುಚ್ಚಿದ್ದೇ ಸರಿ ಎಂದದ್ದು, 2024ರ ಫೆಬ್ರುವರಿ 29ರಂದು ಸುಪ್ರೀಂ ಕೋರ್ಟೂ ಅದನ್ನೇ ಅಂದದ್ದು ಮುಂದಿನ ಕಥೆ. ಮಧ್ಯೆ ಕೊರೊನಾ ಎರಡನೆಯ ಅಲೆಯಲ್ಲಿ ಇದೇ ಆವರಣವು ನಾಡಿಗೆ ಆಮ್ಲಜನಕ ಕೊಡಲು ನ್ಯಾಯಾಲಯದ ಅನುಮತಿ ಪಡೆದು ಮೂರು ತಿಂಗಳು ತೆರೆದಿತ್ತು. ಉಸಿರಾಡಲಾಗುತ್ತಿಲ್ಲವೆಂದು ಇಪ್ಪತ್ತು ವರ್ಷ ಅರ್ಜಿ ಕೊಟ್ಟವರು ಇದಕ್ಕಿಂತ ಸ್ಪಷ್ಟವಾದ ಹಿಂಬರಹ ಕೇಳುವಂತಿರಲಿಲ್ಲ.

ಉಳಿದದ್ದು ಹೊಣೆಯ ಅಳತೆ. ಗುಂಡು ಹಾರಿದ ಸುದ್ದಿ ತಮಗೂ ಟಿವಿ ನೋಡಿಯೇ ತಿಳಿಯಿತೆಂದು ಅಂದಿನ ಮುಖ್ಯಮಂತ್ರಿ ಪಳನಿಸ್ವಾಮಿ ಹೇಳಿದ್ದರು. ಅಧಿಕಾರಿಗಳು ಕ್ಷಣಕ್ಷಣದ ಮಾಹಿತಿ ಕೊಡುತ್ತಿದ್ದರೆಂದು, ಗುಂಡು ಹಾರಿಸಿದ್ದರ ತನಿಖೆ ನಡೆಸಿದ ನ್ಯಾಯಮೂರ್ತಿ ಅರುಣಾ ಜಗದೀಶನ್ ಆಯೋಗವು 2022ರ ವರದಿಯಲ್ಲಿ ಬರೆಯಿತು. ಹಾಗಾದರೆ ಗುಂಡು ಹಾರಿಸಲು ಹೇಳಿದವರು ಯಾರು ಎಂದು ಎಫ್‌ಐಆರ್ ತೆರೆದು ನೋಡಿದರೆ, ಅಲ್ಲಿ ಇದ್ದದ್ದು ಉಪ ತಹಶೀಲ್ದಾರರ ಹೆಸರು. ಆದಾಯ ಪ್ರಮಾಣಪತ್ರಕ್ಕೆ ಗ್ರಾಮಲೆಕ್ಕಿಗರಿಂದ ಹಿಡಿದು ತಹಶೀಲ್ದಾರರವರೆಗೆ ನಾಲ್ಕು ಮೇಜು ಸುತ್ತಿಸುವ ಕಂದಾಯ ಇಲಾಖೆಯಲ್ಲಿ, ಆ ದಿನ ಮಾತ್ರ ಕಡತ ಒಂದೇ ಮೇಜಿನಲ್ಲಿ ವಿಲೇವಾರಿಯಾಗಿತ್ತು.