ಸುಣ್ಣದ ಕೆಲಸ ಕೈಗೆ ಹತ್ತಬೇಕು

ಕಳೆದ ಮೇ ತಿಂಗಳಲ್ಲಿ ಕುಮಟಾ ಹತ್ತಿರದ ನಮ್ಮ ಮನೆಗೆ ಹೋದಾಗ ಜಗುಲಿ ಗೋಡೆಯ ಸಿಮೆಂಟು ಹಪ್ಪಳದಂತೆ ಉಬ್ಬಿ ನಿಂತಿತ್ತು. ಬೆರಳಿನಿಂದ ಮೀಟಿದರೆ ಅಂಗೈಯಗಲದ ಚಕ್ಕೆ ಕಿತ್ತುಬಂತು. ಹಿಂದಿನ ಚಿರೇಕಲ್ಲು ಒದ್ದೆಯಾಗಿ, ರವೆಯ ಹಾಗೆ ಉದುರಿತು. ಅಜ್ಜ ಕಟ್ಟಿಸಿದ ಆ ಗೋಡೆ ಸುಣ್ಣದ ಗಾರೆಯಲ್ಲಿ 70 ಮಳೆಗಾಲ ತಾಳಿತ್ತು. ಸಿಮೆಂಟು ಮೆತ್ತಿಸಿ 12 ವರ್ಷವೂ ಆಗಿರಲಿಲ್ಲ.

ನಾನಿರುವ ಎಡಿನ್‌ಬರೋ ಕೂಡ ಮಳೆಯ ಊರು, ಮರಳುಗಲ್ಲಿನ ಮನೆಗಳ ಊರು. ಅಲ್ಲಿಯವರೂ ಕಳೆದ ಶತಮಾನದಲ್ಲಿ ಕಲ್ಲಿನ ಸಂದುಗಳಿಗೆ ಸಿಮೆಂಟು ತುಂಬಿ ಇದೇ ತಪ್ಪು ಮಾಡಿದ್ದರು. ಕಲ್ಲು ಕುಡಿದ ನೀರು ಸುಣ್ಣದ ಸಂದಿನಿಂದ ಆರಿಹೋಗುತ್ತದೆ. ಸಿಮೆಂಟು ಅದಕ್ಕೆ ದಾರಿ ಬಿಡುವುದಿಲ್ಲ, ನೀರು ಒಳಗೇ ಕುಳಿತು ಕಲ್ಲನ್ನು ತಿನ್ನುತ್ತದೆ. ಈಗ ಅಲ್ಲಿ ಇದನ್ನು ಕಲಿಸುವ ಜಾಗವಿದೆ. 18ನೇ ಶತಮಾನದ ಸಾಲು ಸುಣ್ಣದ ಗೂಡುಗಳಿರುವ ಚಾರ್ಲ್ಸ್‌ಟೌನ್ ಎಂಬ ಹಳ್ಳಿಯಲ್ಲಿ ಸ್ಕಾಟಿಷ್ ಲೈಮ್ ಸೆಂಟರ್ 1994ರಿಂದ ಮೇಸ್ತ್ರಿಗಳಿಗೂ ಮನೆ ಮಾಲೀಕರಿಗೂ ಕೈಕೆಲಸ ಹೇಳಿಕೊಡುತ್ತಿದೆ.

ಊರಿನಿಂದ ಮರಳಿದ ಮೇಲೆ ನಾನೂ ಅಂಥದೊಂದು ತರಬೇತಿಗೆ ಹೋದೆ. ಹಳೆಯ ಗಾರೆ ಕೆರೆದು, ಸಂದಿಗೆ ನೀರು ಚಿಮುಕಿಸಿ, ಸುಣ್ಣ–ಮರಳಿನ ಮುದ್ದೆಯನ್ನು ಕರಣೆಯಿಂದ ಒತ್ತಿ ತುಂಬಬೇಕಿತ್ತು. ಅವಸರದಲ್ಲಿ ನಾನು ನೀರು ಚಿಮುಕಿಸುವುದನ್ನು ಬಿಟ್ಟೆ. ಒಣಕಲ್ಲು ಗಾರೆಯ ತೇವವನ್ನೆಲ್ಲ ಹೀರಿಕೊಂಡಿತು. ಊಟ ಮುಗಿಸಿ ಬಂದು ಮುಟ್ಟಿದರೆ ಪುಡಿಪುಡಿ. ಕಲಿಸುವವರು ಬೈಯಲಿಲ್ಲ, ಪೂರ್ತಿ ಕಿತ್ತು ಮತ್ತೆ ಮಾಡಿಸಿದರು. ಎರಡನೆಯ ಸಲ ಒದ್ದೆ ಗೋಣಿ ಹೊದಿಸುವಾಗ ಅದು ಏಕೆ ಬೇಕೆಂದು ಯಾರೂ ಹೇಳಬೇಕಾಗಿರಲಿಲ್ಲ.

ನಮ್ಮಲ್ಲಿ ಹುಡುಗರು ಗಾರೆ ಹೊರುತ್ತಾ, ಅಪ್ಪನ ಕೈ ನೋಡುತ್ತಾ ಕಲಿಯುತ್ತಿದ್ದರು. ಅದು ಗಟ್ಟಿಯಾದ ಕಲಿಕೆಯೇ. ಆದರೆ ಆ ಮಕ್ಕಳೀಗ ಬೆಂಗಳೂರಿನಲ್ಲಿದ್ದಾರೆ, ಗೋವಾದಲ್ಲಿದ್ದಾರೆ. ಅದರ ಬದಲಿಗೆ ನಡೆಯುವುದು ವಿಚಾರಸಂಕಿರಣ. ಪಾರಂಪರಿಕ ಮನೆಗಳ ಕುರಿತ ಅಂಥದೊಂದು ಸಭೆಯಲ್ಲಿ ಇಡೀ ದಿನ ಕುಳಿತಿದ್ದೆ. ಒಂದು ಬುಟ್ಟಿ ಸುಣ್ಣವನ್ನು ಯಾರೂ ತಂದಿರಲಿಲ್ಲ. ನನಗೆ ನಿಜಕ್ಕೂ ಸಂಕಟವಾಯಿತು. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಕಾವಿ ಚಿತ್ರಗಳನ್ನೇ ನೋಡಿ. ಹಸಿ ಗಾರೆಯ ಮೇಲೆ ಕೆಮ್ಮಣ್ಣು ಬಳಿದು, ಅದು ಆರುವ ಮೊದಲೇ ಕೆರೆದು ಒಳಗಿನ ಬಿಳುಪು ತೆಗೆಯುವ ಕಲೆ ಅದು. ಗಾರೆ ಯಾವ ಗಳಿಗೆಗೆ ಹದಕ್ಕೆ ಬಂತೆಂದು ಭಾಷಣದಲ್ಲಿ ಹೇಗೆ ತಿಳಿಸುವುದು?

ಚಾರ್ಲ್ಸ್‌ಟೌನ್‌ನಲ್ಲಿ ಇಲ್ಲದ ಭಾಗ್ಯವೊಂದು ನಮಗೆ ಇನ್ನೂ ಇದೆ. ಅಲ್ಲಿ ಕೈ ತಪ್ಪಿಹೋದ ವಿದ್ಯೆಯನ್ನು ಮತ್ತೆ ಹುಡುಕಿ ಕಟ್ಟಿಕೊಳ್ಳಬೇಕಾಯಿತು. ನಮ್ಮಲ್ಲಿ ಅಘನಾಶಿನಿಯ ಚಿಪ್ಪು ಸುಟ್ಟು ಸುಣ್ಣ ಮಾಡುವುದನ್ನು ಕಂಡವರು, ಗಾರೆ ಅರೆದವರು ಬದುಕಿದ್ದಾರೆ. ನಮ್ಮ ಮನೆಗೆ ಕೆಲಸ ಮಾಡಿದ ಹಿರಿಯ ಮೇಸ್ತ್ರಿ ಆ ಚಕ್ಕೆಯನ್ನು ನೋಡಿ, "ತಮಾ, ಗೋಡೆಗೆ ಉಸಿರುಕಟ್ಟಿದೆ" ಎಂದರು. ಅವರನ್ನು ಕೂಲಿಗೆ ಕರೆಯದೆ ಗುರುಗಳಾಗಿ ಕರೆಯಬೇಕು, ಗುರುವಿಗೆ ಸಲ್ಲುವ ಸಂಭಾವನೆ ಕೊಡಬೇಕು. ಮನೆ ಯಜಮಾನರೂ ಕರಣೆ ಹಿಡಿಯಬೇಕು. ಸಿಮೆಂಟೇ ಮೆತ್ತಿ ಎಂದು ಒತ್ತಾಯಿಸುವವರು ಅವರೇ ತಾನೆ?

ಡಿಸೆಂಬರಿನಲ್ಲಿ ಮೂರು ವಾರ ಊರಿನಲ್ಲಿರುತ್ತೇನೆ. ಜಗುಲಿ ಗೋಡೆಯನ್ನು ಕಲಿಯುವವರಿಗೆಂದೇ ಬಿಟ್ಟಿದ್ದೇನೆ. ಅಕ್ಟೋಬರಿನಲ್ಲೇ ಸುಣ್ಣ ಅರಳಿಸಿ ನೀರಿನಲ್ಲಿಡಲು ಮೇಸ್ತ್ರಿಯವರು ಒಪ್ಪಿದ್ದಾರೆ.