ಆರತಿ ತಂದಿರಿ, ಗೋಮುಖ ಬಿಟ್ಟು ಬಂದಿರಿ

ಕಾಶಿಗೆ ಹೋದವರು ಇಷ್ಟವಾದದ್ದೊಂದನ್ನು ಅಲ್ಲೇ ಬಿಟ್ಟು ಬರಬೇಕು ಅನ್ನುವುದು ಹಿರಿಯರ ಪದ್ಧತಿ. ನಮ್ಮ ಸರ್ಕಾರದ ತಂಡ 2024ರಲ್ಲಿ ಹರಿದ್ವಾರ, ಕಾಶಿ ಸುತ್ತಿ ಏನು ಬಿಟ್ಟು ಬಂತೋ ಗೊತ್ತಿಲ್ಲ. ತಂದದ್ದಂತೂ ಗೊತ್ತು: ಆರತಿ.

ಗಂಗಾರತಿಯ ಹಾಗೆಯೇ ಕನ್ನಂಬಾಡಿ ಕಟ್ಟೆಯ ಕೆಳಗೆ ಕಾವೇರಿ ಆರತಿ. ಸುಮಾರು 92 ಕೋಟಿ ರೂಪಾಯಿಯ ಯೋಜನೆ ಅಂದಾಗ ಮಂಡ್ಯದ ರೈತರು ಹೌಹಾರಿದರು. 2025ರ ದಸರೆಯ ಹೊತ್ತಿಗೆ ಬೃಂದಾವನದಲ್ಲಿ ಆರತಿ ಎತ್ತಿಯೂ ಆಯಿತು. ನನ್ನ ತಕರಾರು ಬೇರೆ. ಗಂಗೆಯ ಸಾಮಾನು ತರಲು ಹೊರಟವರು ದೀಪ, ಜಾಗಟೆಗೇ ಯಾಕೆ ನಿಂತರು? ಗಂಗೆಯ ಬೆನ್ನಿಗೆ ಸುಮಾರು 30 ಕಿಲೋಮೀಟರ್ ಉದ್ದದ ಗಂಗೋತ್ರಿ ಹಿಮನದಿ ಇದೆಯಲ್ಲ, ಅದನ್ನೂ ನಾಲ್ಕು ಲಾರಿಗೆ ಹೇರಿಸಿಕೊಂಡು ಬರಬಹುದಿತ್ತು. ಮಳೆ ಕೈಕೊಟ್ಟರೂ ಬೇಸಿಗೆಯ ಬಿಸಿಲಿಗೆ ಕರಗಿ ಹೊಳೆಗೆ ಇಷ್ಟಾದರೂ ನೀರು ಬಿಡುವ ಸಾಮಾನು ಅದು. ಕಾವೇರಿಗೆ ಅಂಥ ತವರಿಲ್ಲ. ಮುಂಗಾರು ಕೊಡಗಿನ ಮೇಲೆ ಸುರಿದರೆ ಉಂಟು, ಇಲ್ಲದಿದ್ದರೆ ಇಲ್ಲ. 2023ರಲ್ಲಿ ಇಲ್ಲ ಅಂದಿತು. ಕಟ್ಟೆ ತನ್ನ ಪೂರ್ಣ ಮಟ್ಟ 124.80 ಅಡಿ ಮುಟ್ಟಲಿಲ್ಲ, ಸೆಪ್ಟೆಂಬರಿನಲ್ಲಿ ಮಂಡ್ಯ ಬಂದ್. ತಮಿಳುನಾಡಿಗೆ 177.25 ಟಿಎಂಸಿ ಬಿಡಬೇಕೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಆದೇಶದ ಪ್ರತಿ ಮೋಡಗಳಿಗೆ ಜಾರಿಯಾದಂತೆ ಕಾಣುವುದಿಲ್ಲ.

ಇದನ್ನೆಲ್ಲ ಮದ್ದೂರು ಕಡೆಯ ಟೀ ಅಂಗಡಿಯೊಂದರಲ್ಲಿ ಹೇಳುತ್ತಿದ್ದೆ. ಕನ್ನಂಬಾಡಿ ನೀರು ತರುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೇ ಭಾಗ ಅದು. ಮೊದಲು ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಯಾಗಿದ್ದ ಗೌಡರೊಬ್ಬರು ಬೀಡಿ ಆರಿಸಿ ಕೇಳಿದರು.

‘ಮೇಷ್ಟ್ರೇ, ಗಂಗೆಗೆ ಮಂಜುಗಡ್ಡೆ ನೀರು ಬತ್ತದಾ?’

‘ಒಂದು ಪಾಲು ಬರುತ್ತೆ ಗೌಡ್ರೇ.’

‘ಹಂಗಾರೆ ಅವ್ರು ಆರತಿ ಎತ್ಲಿ ಬುಡಿ. ನಮ್ಗೆ ಎತ್ಬೇಕಾಗಿರೋದು ತೂಬು.’

ಆ ಮಂಜುಗಡ್ಡೆಯ ಗತಿಯೂ ನೆಟ್ಟಗಿಲ್ಲ ಅಂದೆ. ಗಂಗೋತ್ರಿ ಹಿಮನದಿಯ ಬಾಯಿ ಗೋಮುಖ ವರ್ಷವರ್ಷವೂ ಹಿಂದೆ ಸರಿಯುತ್ತಿದೆ. ಹೀಗೇ ಹೊಗೆಯುಗುಳುತ್ತಿದ್ದರೆ 2100ರ ಹೊತ್ತಿಗೆ ಹಿಮಾಲಯದ ಹಿಮನದಿಗಳಲ್ಲಿ ನೂರಕ್ಕೆ 80 ಪಾಲಿನವರೆಗೂ ಕರಗಬಹುದು ಎಂದು ಕಠ್ಮಂಡುವಿನ ಪರ್ವತ ಅಧ್ಯಯನ ಕೇಂದ್ರ 2023ರಲ್ಲೇ ಹೇಳಿದೆ. ತಮಾಷೆಯೆಂದರೆ ಹಿಮ ಕರಗುವಾಗ ಮೊದಮೊದಲು ಹೊಳೆ ತುಂಬಿ ಹರಿಯುತ್ತದೆ, ಆಮೇಲೆ ಇಳಿಮುಖ. ‘ಗೊತ್ತಾಯ್ತು’ ಅಂದರು ಗೌಡರು. ‘ವಾಲೆ ಗಿರವಿ ಇಟ್ಟು ಬಾಡೂಟ ಹಾಕ್ಸದಂಗೆ. ಉಂಡೋರೆಲ್ಲ ಮನೆ ಬಾಳ ಚೆನ್ನಾಗದೆ ಅಂತರೆ.’

ಲಡಾಖಿನಲ್ಲಿ ಚೆವಾಂಗ್ ನೋರ್ಫೆಲ್ ಎಂಬ ಎಂಜಿನಿಯರ್ ಚಳಿಗಾಲದಲ್ಲಿ ವ್ಯರ್ಥ ಹರಿಯುವ ತೊರೆಯನ್ನು ನೆರಳಿನ ಇಳಿಜಾರಿಗೆ ತಿರುಗಿಸಿ ಹೆಪ್ಪುಗಟ್ಟಿಸಿದರು. ಬಿತ್ತನೆ ಹೊತ್ತಿಗೆ ಅದು ಕರಗಿ ಹೊಲಕ್ಕೆ ಬರುತ್ತದೆ. 2015ರಲ್ಲಿ ಪದ್ಮಶ್ರೀ ಬಂತು. ಈ ಸುದ್ದಿ ನಮ್ಮ ಸಾಹೇಬರ ಕಿವಿಗೆ ಬೀಳದಿರಲಿ ಎಂದು ಹರಕೆ ಹೊತ್ತಿದ್ದೇನೆ. ಬಿದ್ದರೆ ಲೇಹ್‌ಗೊಂದು ಅಧ್ಯಯನ ಪ್ರವಾಸ, ಶಾಲು, ಸ್ವೆಟರ್ ಭತ್ಯೆ, ಬಂದ ಮೇಲೆ ಕರೀಘಟ್ಟದ ನೆತ್ತಿಯಲ್ಲಿ ಹಿಮಗೋಪುರಕ್ಕೆ ಟೆಂಡರ್. ಕಬ್ಬಿನ ಹಾಲಿಗೆ ಹಾಕಿದ ಐಸು ಲೋಟ ಕೈಗೆ ಬರುವಷ್ಟರಲ್ಲಿ ಕರಗುವ ಊರು ನಮ್ಮದು.

ನೋರ್ಫೆಲ್ ಮಾಡಿದ್ದು ತನ್ನೂರಿನ ನೀರನ್ನು ತನ್ನೂರಿನ ಚಳಿಯಲ್ಲಿ ಹಿಡಿದಿಟ್ಟದ್ದು. ನಮಗೆ ಆ ಕೆಲಸ ಮಾಡುವುದು ಕೊಡಗಿನ ಕಾಡು, ಕೆರೆ. ಆ ಕಾಡಿನ ಗತಿ ನೋಡಿ: 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಜಾರಿ ಅರ್ಚಕರ ಮನೆಯನ್ನೇ ನುಂಗಿತು. ಇನ್ನು ಕೆರೆಯ ಹೂಳಿಗೆ ಡ್ರೋನ್ ಫೋಟೊ ಬರುವುದಿಲ್ಲ, ಸ್ಪೀಕರ್ ಹಾಕಿದರೆ ಕಪ್ಪೆ ಓಡಿಹೋಗುತ್ತವೆ. ಹೂಳೆತ್ತುವುದನ್ನು ನೋಡಲು ವಿಐಪಿ ಪಾಸ್ ಕೇಳುವವರನ್ನು ನಾನಂತೂ ಕಂಡಿಲ್ಲ.

ಅವತ್ತು ಗೌಡರ ಊರಿಗೆ ಕಟ್ಟು ನೀರಿನ ಸರದಿ. ರಾತ್ರಿ ಹತ್ತಕ್ಕೆ ಟವೆಲ್ ತಲೆಗೆ ಸುತ್ತಿ ಹೊರಟರು, ನಾನೂ ಜೊತೆಗೆ ಹೋದೆ. ಜೊಂಡು ಬೆಳೆದ ಕಾಲುವೆಯ ಏರಿ ಮೇಲೆ ನಿಂತು ಟಾರ್ಚ್ ಬಿಟ್ಟರು. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ, ಮತ್ತೊಂದು ಸಲ ನಿಧಾನಕ್ಕೆ ಸುತ್ತಲೂ. ತಳದಲ್ಲಿ ಒಂದು ಹವಾಯಿ ಚಪ್ಪಲಿ, ಒಡೆದ ಮಡಕೆ ಕಂಡವು.

ಖರ್ಚು ಎರಡು ಸೆಲ್.